ಎಣ್ಣೆ ಹೊಡೆಯುವ ಮೊದಲು ಎಲೆ ತಿರುಗಿಸಿ ನೋಡಿ



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಸಂಘಗಳ ಸಭೆಗೆ ಹೋದಾಗ ನಮಗೆ ಮೇಲಿಂದ ಮೇಲೆ ಕೇಳಿಬರುವ ಪ್ರಶ್ನೆ ಒಂದೇ: "ಸಿಸ್ಟರ್, ಬದನಿ ಗಿಡ ಬಾಡಾಕ್ಹತ್ಯಾವ, ಯಾವ ಎಣ್ಣಿ ಹೊಡಿಬೇಕ್ರಿ?" ಕಬ್ಬಿಗೆ ತಂದು ಉಳಿದ ಎಣ್ಣೆಯನ್ನೇ ಹಿತ್ತಲ ಗಿಡಕ್ಕೂ ಹೊಡೆಯುವವರಿದ್ದಾರೆ. ಆ ಬದನೆಕಾಯಿ ಮರುದಿನ ನಮ್ಮ ಮಕ್ಕಳ ತಾಟಿಗೇ ಬರುತ್ತದೆ. ಆದ್ದರಿಂದ ಮೊದಲು ಗಿಡಕ್ಕೆ ಏನಾಗಿದೆ ಎಂದು ಗುರುತಿಸೋಣ.

ಬದನೆ, ಟೊಮೆಟೊ ಬಾಡಿದರೆ: ಮಧ್ಯಾಹ್ನ ಬಾಡಿ ಸಂಜೆಗೆ ಮತ್ತೆ ನೆಟ್ಟಗಾದರೆ ಅದು ರೋಗವಲ್ಲದೆ ಬಿಸಿಲಿನ ಝಳ ಇರಬಹುದು. ಮಣ್ಣು ಒಣಗಿದ್ದರೆ ನೀರು ಹಾಕಿರಿ. ಬದನೆಯ ಕುಡಿ ಮಾತ್ರ ಜೋತುಬಿದ್ದರೆ ಅದನ್ನು ಚಿವುಟಿ ಸೀಳಿ ನೋಡಿರಿ. ಒಳಗೆ ನಸುಗೆಂಪು ಹುಳ ಕಂಡರೆ ಅದು ಕುಡಿ ಮತ್ತು ಕಾಯಿ ಕೊರೆಯುವ ಹುಳ. ಬಾಡಿದ ಕುಡಿ, ತೂತುಬಿದ್ದ ಕಾಯಿ ಕಿತ್ತು ಸುಟ್ಟುಬಿಡಿ. ತಿಪ್ಪೆಗೆ ಎಸೆದರೆ ಹುಳ ಪತಂಗವಾಗಿ ಮತ್ತೆ ಬರುತ್ತದೆ.

ಇಡೀ ಗಿಡ ಹಸಿರಾಗಿರುವಾಗಲೇ ಸೊರಗಿದರೆ ಬುಡದ ಹತ್ತಿರ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಅದರ ತುದಿ ಮುಳುಗುವಂತೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಬಿಳಿ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಹುಳದ ಎಣ್ಣೆ ಹೊಡೆದರೆ ಇದಕ್ಕೆ ಏನೂ ಆಗದು. ಗಿಡವನ್ನು ಬೇರುಸಹಿತ ಕಿತ್ತು ಸುಡಿ. ಆ ಜಾಗದಲ್ಲಿ ಮತ್ತೆ ಬದನೆ, ಟೊಮೆಟೊ, ಮೆಣಸಿನಕಾಯಿ ಹಚ್ಚಬೇಡಿ.

ಮೆಣಸಿನ ಗಿಡ ಮುಟುರಿದರೆ: ಎಲೆಯ ಅಂಚು ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ನುಸಿ. ಬಿಳಿ ಹಾಳೆಯ ಮೇಲೆ ಕುಡಿಯನ್ನು ತಟ್ಟಿದರೆ ಸಣ್ಣ ನುಸಿ ಹರಿದಾಡುವುದು ಕಾಣುತ್ತದೆ. ದೋಣಿ ಬೋರಲು ಹಾಕಿದಂತೆ ಕೆಳಕ್ಕೆ ಮಡಚಿದ್ದರೆ ಮೈಟ್ ನುಸಿ. ಇದು ಬರಿಗಣ್ಣಿಗೆ ಕಾಣುವುದೇ ಕಷ್ಟ. ಇದಕ್ಕೆ ನೀರಿನಲ್ಲಿ ಕಲಸುವ ಗಂಧಕದ ಪುಡಿ ಲೀಟರಿಗೆ 3 ಗ್ರಾಂ ಹಾಕಿ, ತಂಪು ಹೊತ್ತಿನಲ್ಲಿ ಸಿಂಪಡಿಸಿರಿ.

ಬೆಂಡೆಯ ಎಲೆಯಲ್ಲಿ ನರಗಳು ಹಳದಿಯಾದರೆ: ಇದು ವೈರಸ್ ರೋಗ, ಗುಣಪಡಿಸುವ ಔಷಧಿ ಇಲ್ಲ. ಎಲೆಯ ಕೆಳಗೆ ಕೂಡುವ ಬಿಳಿ ನೊಣ ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಮೊದಲು ಕಂಡ ಗಿಡವನ್ನು ಅಂದೇ ಕಿತ್ತರೆ ಉಳಿದವು ಬದುಕಿಯಾವು.

ಬೇವಿನ ಕಷಾಯ: ಒಣಗಿದ ಬೇವಿನ ಬೀಜದ ತಿರುಳನ್ನು 50 ಗ್ರಾಂ ಜಜ್ಜಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿರಿ. ಬೆಳಿಗ್ಗೆ ಹಿಂಡಿ ಸೋಸಿ, ಚೂರು ಸೋಪು ಕಲಸಿ, ಅಂದೇ ಸಂಜೆ ಎಲೆಯ ಕೆಳಭಾಗಕ್ಕೂ ತಾಗುವಂತೆ ಸಿಂಪಡಿಸಿರಿ. ಥ್ರಿಪ್ಸ್, ಬಿಳಿ ನೊಣ, ಹೇನು ಕಡಿಮೆಯಾಗುತ್ತವೆ. ಗುಲಗಂಜಿ ಹುಳ ಕಂಡರೆ ಕೊಲ್ಲಬೇಡಿ. ಅದು ಹೇನು ತಿನ್ನುವ ನಮ್ಮ ಗೆಳತಿ.

ಮುಂದಿನ ಸಭೆಗೆ ಪ್ರತಿಯೊಬ್ಬರೂ ರೋಗ ಬಂದ ಒಂದು ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತನ್ನಿರಿ. ಉಳಿತಾಯದ ಲೆಕ್ಕ ಬರೆದ ಮೇಲೆ ಕೂಡಿ ನೋಡೋಣ. ತಿಳಿಯದಿದ್ದರೆ ರೈತ ಸಂಪರ್ಕ ಕೇಂದ್ರಕ್ಕೋ ತಾಲ್ಲೂಕಿನ ತೋಟಗಾರಿಕೆ ಇಲಾಖೆಗೋ ಅದನ್ನೇ ಒಯ್ದು ಕೇಳೋಣ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಕೇಳುವುದಕ್ಕೆ ನಾಚಿಕೆ ಬೇಡ. ತಿಳಿಯದೆ ಹೊಡೆದ ಎಣ್ಣೆಗೆ ರೊಕ್ಕವೂ ಹೋದೀತು, ಆರೋಗ್ಯವೂ ಹೋದೀತು.