ಸಾರ್ಸ್ ರೋಗ ದೇಶದಿಂದ ದೇಶಕ್ಕೆ ಹರಡಿದ್ದು ಹೇಗೆ?



ಕೆಮ್ಮು, ಜ್ವರವೆಂದು ಆಸ್ಪತ್ರೆಗೆ ಬಂದವರನ್ನು ವೈದ್ಯರು "ಇತ್ತೀಚೆಗೆ ಪರಊರಿಗೆ ಹೋಗಿದ್ದಿರಾ? ಮನೆಯಲ್ಲಿ ಇನ್ನಾರಿಗಾದರೂ ಹೀಗಾಗಿದೆಯೇ?" ಎಂದು ಕೇಳುತ್ತಾರೆ. ಔಷಧ ಬರೆದುಕೊಡುವುದು ಬಿಟ್ಟು ಊರು ಕೇರಿ ವಿಚಾರಿಸುತ್ತಾರಲ್ಲ ಎಂದು ಗೊಣಗುವವರೂ ಉಂಟು. ಈ ಪ್ರಶ್ನೆಗೆ ಎಷ್ಟು ಬೆಲೆಯಿದೆ ಎಂಬುದನ್ನು 2003ರ ಸಾರ್ಸ್ ರೋಗ ಇಡೀ ಜಗತ್ತಿಗೆ ತೋರಿಸಿತು.

ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ 2002ರ ನವೆಂಬರ್‌ನಲ್ಲಿ ಒಂದು ಬಗೆಯ ವಿಷಮ ನ್ಯುಮೋನಿಯಾ ಕಾಣಿಸಿಕೊಂಡಿತು. ಚೀನಾ ಸರ್ಕಾರ ಇದನ್ನು ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿದ್ದು 2003ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ರೋಗ ಸಾಕಷ್ಟು ಬೇರೂರಿತ್ತು.

ಆ ಫೆಬ್ರವರಿ 21ರಂದು, ಇಂಥ ರೋಗಿಗಳಿಗೆ ಚಿಕಿತ್ಸೆ ನೀಡಿದ್ದ ಗುವಾಂಗ್‌ಝೌ ನಗರದ ವೈದ್ಯರೊಬ್ಬರು ಬಂಧುಗಳ ಮದುವೆಗೆಂದು ಹಾಂಗ್‌ಕಾಂಗ್‌ಗೆ ಬಂದರು. ಅವರಿಗೆ ಆಗಲೇ ಮೈ ಸರಿಯಿರಲಿಲ್ಲ. ಮೆಟ್ರೋಪೋಲ್ ಹೋಟೆಲಿನ ಒಂಬತ್ತನೇ ಮಹಡಿಯಲ್ಲಿ ತಂಗಿದ್ದು ಒಂದೇ ರಾತ್ರಿ. ಮರುದಿನ ಆಸ್ಪತ್ರೆ ಸೇರಿದರು, ಮಾರ್ಚ್ ಆರಂಭದಲ್ಲಿ ತೀರಿಕೊಂಡರು. ಆದರೆ ಅದೇ ಮಹಡಿಯಲ್ಲಿ ಉಳಿದಿದ್ದ ಇತರರು ತಮಗೆ ಸೋಂಕು ತಗಲಿದ್ದು ತಿಳಿಯದೆ ವಿಮಾನ ಹತ್ತಿದ್ದರು. ಒಬ್ಬರು ವಿಯೆಟ್ನಾಂನ ಹನೋಯ್‌ಗೆ, ಕೆಲವರು ಸಿಂಗಪುರಕ್ಕೆ, ಒಬ್ಬ ವೃದ್ಧೆ ಕೆನಡಾದ ಟೊರಾಂಟೊಗೆ.

ಟೊರಾಂಟೊದ ವೃದ್ಧೆ ಮನೆಯಲ್ಲೇ ತೀರಿಕೊಂಡರು. ಆರೈಕೆ ಮಾಡಿದ ಮಗನಿಗೂ ಜ್ವರ ಬಂತು. ಆತ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಇತರ ರೋಗಿಗಳ ನಡುವೆ ಗಂಟೆಗಟ್ಟಲೆ ಇದ್ದರು. ಇದು ಹೊಸ ರೋಗವೆಂದು ಆಗ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಂದ ರೋಗ ಪಕ್ಕದ ಹಾಸಿಗೆಯವರಿಗೆ, ನೋಡಲು ಬಂದ ಬಂಧುಗಳಿಗೆ, ದಾದಿಯರಿಗೆ ಹಬ್ಬಿತು. ಕೆನಡಾದಲ್ಲಿ 40ಕ್ಕೂ ಹೆಚ್ಚು ಮಂದಿ ಸತ್ತರು.

ಹನೋಯ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಇಟಲಿಯ ವೈದ್ಯ ಡಾ. ಕಾರ್ಲೊ ಉರ್ಬಾನಿ ಇದ್ದರು. ಅಲ್ಲಿನ ಆಸ್ಪತ್ರೆಯವರು ಕರೆದಾಗ ಹೋಗಿ ರೋಗಿಯನ್ನು ನೋಡಿ, ಇದು ಸಾಮಾನ್ಯ ಫ್ಲೂ ಅಲ್ಲವೆಂದು ಮೇಲಿನವರಿಗೆ ಎಚ್ಚರಿಕೆ ಕೊಟ್ಟರು. ಮಾರ್ಚ್ 12ರಂದು ಸಂಸ್ಥೆ ಜಗತ್ತನ್ನೇ ಎಚ್ಚರಿಸಿತು. ಉರ್ಬಾನಿಯವರಿಗೂ ಸೋಂಕು ತಗಲಿತ್ತು. ಮಾರ್ಚ್ 29ರಂದು ಬ್ಯಾಂಕಾಕ್‌ನಲ್ಲಿ, ತಮ್ಮ 46ನೆಯ ವಯಸ್ಸಿನಲ್ಲಿ, ಅವರು ಕೊನೆಯುಸಿರೆಳೆದರು. ಕಾಯಕದಲ್ಲಿದ್ದಾಗಲೇ ಹೋದ ಜೀವ ಅದು.

ಬೇರೆ ಬೇರೆ ದೇಶಗಳ ಈ ರೋಗಿಗಳಿಗೆ ಒಂದೇ ಮೂಲವೆಂದು ಗೊತ್ತಾದದ್ದು ಯಾವ ದೊಡ್ಡ ಯಂತ್ರದಿಂದಲೂ ಅಲ್ಲ. ಎಲ್ಲಿ ಉಳಿದಿದ್ದಿರಿ, ಯಾವಾಗ, ಯಾರ ಜೊತೆ ಎಂದು ಒಬ್ಬೊಬ್ಬರನ್ನೂ ಕೇಳಿದಾಗ ಎಲ್ಲರ ಉತ್ತರದಲ್ಲೂ ಆ ಹೋಟೆಲ್ ಬಂತು. ಈ ರೋಗದ ಕಾರಣ ಕರೋನಾ ಜಾತಿಯ ವೈರಾಣು. ಕೆಮ್ಮು ಸೀನುಗಳ ಹನಿಗಳಿಂದ ಮುಖ್ಯವಾಗಿ ಹರಡುವಂಥದ್ದು. ಮೂಲ ಬಾವಲಿ, ಅಲ್ಲಿಂದ ಪುನುಗು ಬೆಕ್ಕಿನಂಥ ಪ್ರಾಣಿಗಳ ಮೂಲಕ ಮನುಷ್ಯರಿಗೆ ಬಂದಿತೆಂದು ವಿಜ್ಞಾನಿಗಳು ನಂತರ ಕಂಡುಕೊಂಡರು.

ಸಾರ್ಸ್ ಹೆಚ್ಚಾಗಿ ಹರಡುತ್ತಿದ್ದುದು ಜ್ವರ ಬಂದ ಮೇಲೆ, ಅದರಲ್ಲೂ ರೋಗ ಉಲ್ಬಣಿಸಿದಾಗ. ಹಾಗಾಗಿ ರೋಗಿಯನ್ನು ಪ್ರತ್ಯೇಕವಾಗಿಟ್ಟು, ಅವರ ಒಡನಾಟದಲ್ಲಿದ್ದವರನ್ನು ಹತ್ತು ದಿನ ಗಮನಿಸಿದರೆ ಸರಪಳಿ ತುಂಡಾಗುತ್ತಿತ್ತು. ವಿಯೆಟ್ನಾಂ ಏಪ್ರಿಲ್ ಕೊನೆಯಲ್ಲೇ ಇದರಿಂದ ಮುಕ್ತವಾಯಿತು. ಹನೋಯ್‌ನ ಬಾಕ್ ಮೈ ಆಸ್ಪತ್ರೆಯಲ್ಲಿ ದೊಡ್ಡ ಕಿಟಕಿಗಳನ್ನು ತೆರೆದಿಟ್ಟು ಚಿಕಿತ್ಸೆ ನೀಡಿದರು. ಸಿಬ್ಬಂದಿಯಲ್ಲಿ ಒಬ್ಬರಿಗೂ ರೋಗ ತಗಲಲಿಲ್ಲ. ಮಾಸ್ಕ್ ಮುಂತಾದ ಎಚ್ಚರಿಕೆಯೂ ಇತ್ತೆನ್ನಿ, ಆದರೆ ಗಾಳಿಯ ಪಾಲನ್ನು ಕಡೆಗಣಿಸುವಂತಿಲ್ಲ.

2003ರ ಜುಲೈ 5ರಂದು ರೋಗ ಹತೋಟಿಗೆ ಬಂದಿದೆಯೆಂದು ಘೋಷಿಸಲಾಯಿತು. ಒಟ್ಟು 8,096 ಮಂದಿಗೆ ರೋಗ, 774 ಸಾವು. ರೋಗಿಗಳಲ್ಲಿ ಸುಮಾರು ಐದರಲ್ಲಿ ಒಬ್ಬರು ಆಸ್ಪತ್ರೆ ಸಿಬ್ಬಂದಿ. ಭಾರತದಲ್ಲಿ ದಾಖಲಾದದ್ದು ಮೂರೇ ಪ್ರಕರಣ, ಸಾವಿಲ್ಲ.

ಇದೇ ಜಾತಿಯ ಕೋವಿಡ್ ಹೀಗೆ ನಿಲ್ಲಲಿಲ್ಲವೇಕೆ ಎಂದು ತಾವು ಕೇಳಬಹುದು. ಅದು ಲಕ್ಷಣ ಕಾಣುವ ಮೊದಲೇ ಹರಡುತ್ತದೆ, ಜ್ವರ ಬಂದವರನ್ನು ಹುಡುಕುವಷ್ಟರಲ್ಲಿ ಮುಂದೆ ಹೋಗಿರುತ್ತದೆ. 2020ರ ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯಲ್ಲೇ ದೇಶದ ಮೊದಲ ಕೋವಿಡ್ ಸಾವು ದಾಖಲಾಯಿತು. ಅವರು ಸೌದಿ ಅರೇಬಿಯಾದಿಂದ ಮರಳಿದ ಹಿರಿಯರು.

ಆದ್ದರಿಂದ ಹೊರರೋಗಿ ಚೀಟಿ ಮಾಡಿಸುವಾಗ ಪ್ರಯಾಣದ ವಿಷಯ, ಮನೆಯವರ ಕಾಯಿಲೆಯ ವಿಷಯ ಮುಚ್ಚಿಡಬೇಡಿರಿ. ವಿದೇಶದಿಂದ ಬಂದ ಮಗ, ಅಳಿಯ ಮನೆಯಲ್ಲಿದ್ದರೆ ಅದನ್ನೂ ಹೇಳಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ರೋಗಿಯೊಡನೆ ಒಬ್ಬರೇ ಇರಿ. ಊರಿನಿಂದ ನೋಡಲು ಬಂದವರು ಹಾಸಿಗೆಯ ಸುತ್ತ ಗುಂಪುಗೂಡುವುದು ಬೇಡ. ಕೆಮ್ಮುವಾಗ ವಸ್ತ್ರ ಅಡ್ಡ ಹಿಡಿಯಿರಿ, ವಾರ್ಡಿನ ಕಿಟಕಿ ಮುಚ್ಚಬೇಡಿರಿ. ಜ್ವರ ಕೆಮ್ಮು ಇರುವವರು ದಾಸೋಹದ ಪಂಕ್ತಿಗೆ ಬರುವುದು ಬೇಡ. ದಾದಿಯರಿಗೆ ತಿಳಿಸಿದರೆ ಪ್ರಸಾದವನ್ನು ಹಾಸಿಗೆಯ ಬಳಿಗೇ ತಂದುಕೊಡುತ್ತಾರೆ.