ಊರಿನ ಕೂಡುನಿಧಿ

ಮುಷ್ಟಿ ಅಕ್ಕಿ ಗೊತ್ತಲ್ಲ? ಒಲೆಯ ಮೇಲೆ ಅನ್ನಕ್ಕೆ ಇಡುವ ಮೊದಲು ಅವ್ವ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಗಡಿಗೆಗೆ ಹಾಕುತ್ತಿದ್ದಳು. ಆಗಾಗ ಹುಡುಗರು ಚೀಲ ಹಿಡಿದು ಬರುತ್ತಿದ್ದರು. ಮನೆ ಮನೆಯ ಹಿಡಿ ಅಕ್ಕಿ ಸೇರಿ ನಮ್ಮ ನಾಡಿನ ಎಷ್ಟೋ ಉಚಿತ ವಿದ್ಯಾರ್ಥಿ ನಿಲಯಗಳ ಒಲೆ ಉರಿದಿದೆ. ನಮ್ಮ ಅಕ್ಕಿ ಯಾವ ಹುಡುಗನ ತಟ್ಟೆಗೆ ಬಿತ್ತು ಅಂತ ಯಾರೂ ಕೇಳುತ್ತಿರಲಿಲ್ಲ.

ಕೆಲವು ಪಟ್ಟಣಗಳಲ್ಲಿ ಹಣಕ್ಕೂ ಇಂಥದೊಂದು ಗಡಿಗೆ ಇದೆ. ಅದನ್ನು ಕೂಡುನಿಧಿ ಅನ್ನೋಣ. ಊರಿನ ಜನ ಕೊಟ್ಟ ದಾನ ಅಲ್ಲಿ ಸೇರುತ್ತದೆ. ಅನಾಥಾಲಯ, ವೃದ್ಧಾಶ್ರಮ, ಉಚಿತ ದವಾಖಾನೆ, ಹೀಗೆ ಆ ಊರಿನ ಸೇವಾ ಸಂಸ್ಥೆಗಳಿಗೆ ಅಲ್ಲಿಂದ ಹಂಚಿಕೆ ಆಗುತ್ತದೆ.

ನೇರವಾಗಿ ನಾವೇ ಕೊಟ್ಟರೆ ಆಗದೇ? ಆಗುತ್ತದೆ. ಆದರೂ ಒಂದು ನಡೆದ ಸಂಗತಿ ಕೇಳಿ.

ಅಮೆರಿಕದ ಸೇಂಟ್ ಲೂಯಿಸ್ ಪಟ್ಟಣದಲ್ಲಿ ಬ್ರಯಾನ್ ಮುಲ್ಲಾನ್ಫಿ ಎಂಬ ಶ್ರೀಮಂತರಿದ್ದರು. ಆ ಊರಿನ ಮೇಯರ್ ಕೂಡ ಆಗಿದ್ದವರು. ಆಗ ಜನ ಗಾಡಿ ಕಟ್ಟಿಕೊಂಡು, ಹೊಸ ನೆಲ ಹುಡುಕಿ ಪಶ್ಚಿಮದ ಕಡೆ ಹೋಗುತ್ತಿದ್ದರು. ಕೈಯಲ್ಲಿದ್ದ ಕಾಸು ತೀರಿ ಕೆಲವರು ಈ ಊರಲ್ಲೇ ನಿಂತುಬಿಡುತ್ತಿದ್ದರು. ಆಸ್ತಿಯಲ್ಲಿ ಮೂರನೇ ಒಂದು ಪಾಲು ಅಂಥವರಿಗೇ ಅಂತ ಮುಲ್ಲಾನ್ಫಿ ಉಯಿಲು ಬರೆದರು. 1851ರಲ್ಲಿ ತೀರಿಕೊಂಡರು. ಮುಂದೆ ರೈಲು ಬಂತು. ಗಾಡಿಗಳು ನಿಂತವು. ಗಂಟು ಮಾತ್ರ ಬೆಳೀತಾ ಹೋಯಿತು! ಊರಲ್ಲಿ ಬೇರೆ ಬಡವರು ಇದ್ದರು. ಅವರಿಗೆ ಕೊಡೋಣ ಅಂದರೆ ಉಯಿಲು ಬಿಡದು. ಬರೆದವರನ್ನು ಕೇಳೋಣ ಅಂದರೆ ಅವರೇ ಇಲ್ಲ.

ಹೀಗೆ ಕಟ್ಟಿಬಿದ್ದ ಗಂಟುಗಳು ಆ ದೇಶದಲ್ಲಿ ಇನ್ನೂ ಇದ್ದವು. ಅದನ್ನು ಕಂಡು ಕ್ಲೀವ್‌ಲ್ಯಾಂಡ್ ಪಟ್ಟಣದ ಫ್ರೆಡರಿಕ್ ಗಾಫ್ ಒಂದು ದಾರಿ ಹುಡುಕಿದರು. ಅವರು ಒಂದು ಬ್ಯಾಂಕಿನ ಮುಖ್ಯಸ್ಥರು. 1914ರಲ್ಲಿ 'ಕ್ಲೀವ್‌ಲ್ಯಾಂಡ್ ಫೌಂಡೇಶನ್' ಎಂಬ ಕೂಡುನಿಧಿ ಶುರು ಮಾಡಿದರು. ಹಲವರ ದಾನ ಒಂದೇ ಕಡೆ ಕೂಡಿತು. ಅಸಲು ಹಾಗೇ ಇರಬೇಕು, ಅದರ ಆದಾಯ ಊರಿಗೆ ಹೋಗಬೇಕು. ಯಾರಿಗೆ ಎಷ್ಟು ಅಂತ ಒಂದು ಸಮಿತಿ ತೀರ್ಮಾನ ಮಾಡುತ್ತದೆ. ಊರಿನ ಕಷ್ಟ ಬದಲಾದರೆ ಹಂಚಿಕೆಯೂ ಬದಲಾಗುತ್ತದೆ. ಆ ನಿಧಿ ಇಂದಿಗೂ ಇದೆ. ನೂರು ವರ್ಷ ದಾಟಿದೆ. ನಮ್ಮ ದೇಶದಲ್ಲಿ ಮುಂಬಯಿಯಲ್ಲೂ ಇಂಥ ನಿಧಿ 1990ರ ದಶಕದಲ್ಲಿ ಶುರುವಾಯಿತು.

ಇದನ್ನು ಓದಿದಾಗ ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ ಕೇಳಿದರು: "ಅಲ್ರೀ, ನಾ ಕೊಟ್ಟ ಹತ್ತು ರೂಪಾಯಿ ಎಲ್ಲಿ ಹೋಯ್ತು ಅಂತ ಗೊತ್ತಾಗೋದು ಹ್ಯಾಗೆ?"

ಕೇಳಬೇಕಾದ ಮಾತೇ. ಮುಷ್ಟಿ ಅಕ್ಕಿ ಉಂಡ ಹುಡುಗ ಕಣ್ಣೆದುರೇ ಇದ್ದ. ಕೂಡುನಿಧಿಯಲ್ಲಿ ಹಾಗಲ್ಲ. ನಮ್ಮ ಪರವಾಗಿ ಬೇರೆಯವರು ತೀರ್ಮಾನ ಮಾಡುತ್ತಾರೆ. ಅದಕ್ಕೇ ಕೊಡುವ ಮೊದಲು ವಿಚಾರಿಸಬೇಕು. ಸಮಿತಿಯಲ್ಲಿ ಯಾರಿದ್ದಾರೆ? ಹೋದ ವರ್ಷ ಯಾವ ಸಂಸ್ಥೆಗೆ ಎಷ್ಟು ಕೊಟ್ಟರು? ಲೆಕ್ಕ ಪರಿಶೋಧಕರು ಸಹಿ ಹಾಕಿದ ಜಮಾ-ಖರ್ಚು ತೋರಿಸ್ತಾರಾ? ಕಚೇರಿಗೆ ಖರ್ಚು ಇರುವುದು ತಪ್ಪಲ್ಲ. ಲೆಕ್ಕ ಬರೆಯುವವರಿಗೂ ಸಂಬಳ ಬೇಕಲ್ಲ? ಅದನ್ನು ಮುಚ್ಚಿಡುವುದು ತಪ್ಪು. ಇನ್ನು ರಸೀದಿ ಇಲ್ಲದೆ ಒಂದು ರೂಪಾಯಿಯೂ ಬೇಡ.

ಆಮೇಲೊಂದು ದಿನ ಆ ಅಕ್ಕ ಒಂದು ರಸೀದಿ ತಂದರು. ತಮ್ಮ ಹೆಸರು ಓದಿದರು. ತಾರೀಕು ಓದಿದರು. ಮೊತ್ತದ ಹತ್ತಿರ ಬೆರಳು ನಿಂತಿತು. ಅಂಕಿಯಲ್ಲಿ 10 ಅಂತ ಇತ್ತು. ಅಕ್ಷರದಲ್ಲೂ ಹತ್ತು ಅಂತಲೇ ಇದೆಯಾ ಅಂತ ಕೂಡಿಸಿ ಕೂಡಿಸಿ ಓದಿ, ಮಡಚಿ ಚೀಲದಲ್ಲಿಟ್ಟುಕೊಂಡರು.