ಮನೆಯೊಳಗೆ ಶಾರ್ಟ್‌ವೇವ್ ಏಕೆ ಕೇಳಿಸದು?

ಪ್ರಶ್ನೆ: ಕೈ ರೇಡಿಯೊದಲ್ಲಿ ಶಾರ್ಟ್‌ವೇವ್ ಕೇಂದ್ರಗಳು ಬರೀ ಗೊರಗೊರ ಎನ್ನುವುದೇಕೆ?

ಉತ್ತರ: ದೋಷವು ಬಹಳಷ್ಟು ಸಲ ರೇಡಿಯೊದಲ್ಲಿರದೆ ಮನೆಯಲ್ಲೇ ಇರುತ್ತದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್‌ಗಳ ಒಳಗಿನ ಮಂಡಲಗಳು ಸೆಕೆಂಡಿಗೆ ಸಾವಿರಾರು ಬಾರಿ ಕರೆಂಟನ್ನು ಕಡಿದು ಜೋಡಿಸುವಾಗ ಹೊಮ್ಮುವ ಗದ್ದಲವು, 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಶಾರ್ಟ್‌ವೇವ್ ಪಟ್ಟಿಯಲ್ಲಿ ದೂರದಿಂದ ಬರುವ ಕ್ಷೀಣ ಸಂಕೇತವನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ರೇಡಿಯೊವನ್ನು ಬ್ಯಾಟರಿಯಲ್ಲಿ ನಡೆಸುತ್ತಾ ಮೇನ್ ಸ್ವಿಚ್ ಆರಿಸಿದರೆ, ಮನೆಯದೇ ಗದ್ದಲವಾಗಿದ್ದಲ್ಲಿ ಅದು ತಟ್ಟನೆ ಅಡಗುತ್ತದೆ. ರೇಡಿಯೊವನ್ನು ಕಿಟಕಿಗೆ ಒಯ್ದು, ಎಳೆಯುವ ಕಡ್ಡಿ ಆಂಟೆನಾಕ್ಕೆ ಐದಾರು ಮೀಟರ್ ತಂತಿ ಸಿಕ್ಕಿಸಿ ಹೊರಗೆ ಬಿಡುವುದು ನಿಜಕ್ಕೂ ಫಲಕಾರಿ, ಆದರೆ ತೀರಾ ಉದ್ದದ ತಂತಿಯಿಂದ ಪ್ರಬಲ ಕೇಂದ್ರಗಳು ಒಂದರ ಮೇಲೊಂದು ಕಲೆಸಿಹೋಗುತ್ತವೆ. ಇನ್ನು, ಈ ಅಲೆಗಳನ್ನು ಭೂಮಿಗೆ ಹಿಂದಿರುಗಿಸುವ ಅಯಾನುಗೋಳ, ಅಂದರೆ ಬಿಸಿಲಿನಿಂದ ವಿದ್ಯುದಾವೇಶ ಪಡೆದ ಮೇಲ್ವಾತಾವರಣದ ಪದರ, ಹೊತ್ತಿಗೆ ತಕ್ಕಂತೆ ಬದಲಾಗುವುದರಿಂದ, ಸಾಮಾನ್ಯವಾಗಿ ಹಗಲಿನಲ್ಲಿ 15 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲೂ ಇರುಳಿನಲ್ಲಿ 10ಕ್ಕಿಂತ ಕೆಳಗೂ ಹುಡುಕಬೇಕು.